ಇಂಟರ್‌ಕೂಲರ್ ಇಲ್ಲದೆ ಟರ್ಬೋ: ಉಳಿಸಿದ ದುಡ್ಡಿನ ಬಿಲ್ ಎಲ್ಲಿಗೆ ಬರುತ್ತೆ?

ಕಳೆದ ವಾರ ಒಬ್ಬ ಕೇಳುಗರು ವಾಯ್ಸ್ ಮೆಸೇಜ್ ಕಳಿಸಿದ್ರು. ಬೆಂಗಳೂರಲ್ಲಿ ಕೆಲಸ, ಊರು ಮಂಗಳೂರು ಕಡೆ. ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಸೆಕೆಂಡ್ ಹ್ಯಾಂಡ್ ಟರ್ಬೋ ಒಂದು ಅಗ್ಗಕ್ಕೆ ಸಿಗ್ತಿದೆಯಂತೆ. "ಇಂಟರ್‌ಕೂಲರ್, ಅದರ ಪೈಪು ಎಲ್ಲಾ ಸೇರಿದ್ರೆ ಬಜೆಟ್ ಮೀರುತ್ತೆ. ಅದಿಲ್ಲದೆ ಓಡಿಸಬಹುದಾ?" ಇದು ಅವರ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಓಡುತ್ತೆ. ಆದರೆ ಇಂಟರ್‌ಕೂಲರ್ ಮಾಡುವ ಕೆಲಸವನ್ನು ಬೇರೆ ಯಾವುದಾದರೂ ಮಾಡಲೇಬೇಕು. ಯಾವುದೂ ಮಾಡದಿದ್ದರೆ ಬಿಲ್ ಪಿಸ್ಟನ್ ಹೆಸರಿಗೆ ಬರುತ್ತೆ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ಸೈಕಲ್‌ಗೆ ಗಾಳಿ ಹೊಡೆದವರಿಗೆ ಗೊತ್ತು, ಹತ್ತಿಪ್ಪತ್ತು ಸಲ ಒತ್ತಿದ ಮೇಲೆ ಪಂಪಿನ ತಳ ಬಿಸಿಯಾಗಿರುತ್ತೆ. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತೆ, ಅಷ್ಟೇ ವಿಷಯ. ಟರ್ಬೋ ಮಾಡೋದೂ ಅದನ್ನೇ. ಸೈಲೆನ್ಸರ್ ಕಡೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತೆ, ಅದೇ ಶಾಫ್ಟಿನ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್‌ಗೆ ತಳ್ಳುತ್ತೆ.

ಹೊರಗೆ 35 ಡಿಗ್ರಿ ಬಿಸಿಲು, ಟರ್ಬೋದ ಕಂಪ್ರೆಸರ್ ದಕ್ಷತೆ ಶೇ. 70 ಅಂದುಕೊಳ್ಳಿ. ಅರ್ಧ ಬಾರ್, ಅಂದ್ರೆ ಸುಮಾರು 7 ಪಿಎಸ್‌ಐ ಬೂಸ್ಟ್ ಕೊಟ್ಟರೆ ಗಾಳಿ ಹತ್ತಿರ ಹತ್ತಿರ 90 ಡಿಗ್ರಿಗೆ ಏರುತ್ತೆ. ಒಂದು ಬಾರ್ ಕೊಟ್ಟರೆ 130 ಡಿಗ್ರಿ. ಬಿಸಿ ಗಾಳಿ ಹಿಗ್ಗುತ್ತೆ. ಹಾಗಾಗಿ ಅರ್ಧ ಬಾರ್‌ನಲ್ಲಿ ಒತ್ತಡ ಶೇ. 50 ಹೆಚ್ಚಾದರೂ ಒಳಗೆ ಹೋಗುವ ಗಾಳಿ ಹೆಚ್ಚೋದು ಬರೀ ಶೇ. 28ರಷ್ಟು. ಅದೇ ಗಾಳಿಯನ್ನು ಇಂಟರ್‌ಕೂಲರ್ 50 ಡಿಗ್ರಿಗೆ ಇಳಿಸಿದರೆ ಶೇ. 40ರ ಆಸುಪಾಸು ಸಿಗುತ್ತೆ.

"ಪವರ್ ಸ್ವಲ್ಪ ಕಮ್ಮಿ ಆದ್ರೆ ಆಗ್ಲಿ ಬಿಡಿ" ಅನ್ನಬಹುದು. ನಿಜವಾದ ಅಪಾಯ ಪವರ್ ಅಲ್ಲ, ನಾಕಿಂಗ್. ಪೆಟ್ರೋಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸಿದ ಮೇಲೆ ಬೆಂಕಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಒಳಗಿನ ಗಾಳಿ ಮೊದಲೇ ತುಂಬಾ ಬಿಸಿ ಇದ್ದರೆ, ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್-ಗಾಳಿ ತಾನಾಗಿಯೇ ಸ್ಫೋಟಿಸುತ್ತೆ. ಪಿಸ್ಟನ್ ಮೇಲೆ ಸುತ್ತಿಗೆಯಲ್ಲಿ ಹೊಡೆದ ಹಾಗೆ. ಜೋರಾಗಿ, ಮತ್ತೆ ಮತ್ತೆ ಆದ್ರೆ ರಿಂಗ್ ಕೂರುವ ಜಾಗ ಒಡೆಯುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ.

ಹಾಗಾದ್ರೆ ಕಂಪನಿಗಳೇ ಇಂಟರ್‌ಕೂಲರ್ ಇಲ್ಲದ ಟರ್ಬೋ ಕಾರು ಮಾರಿಲ್ವಾ? ಮಾರಿದ್ದಾರೆ. ಪ್ರತಿ ಸಲವೂ ಬೇರೆ ಕಡೆ ಬೆಲೆ ಕಟ್ಟಿದ್ದಾರೆ. ಅಮೆರಿಕದಲ್ಲಿ 1962ರಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ನೋಡಿ. ಕಂಪ್ರೆಷನ್ 10.25:1 ಇಟ್ಟುಕೊಂಡೇ ಟರ್ಬೋ ಹಾಕಿದರು. ನಾಕಿಂಗ್ ತಡೆಯೋಕೆ ನೀರು ಮತ್ತು ಮೆಥನಾಲ್ ಮಿಶ್ರಣವನ್ನು ಇಂಜಿನ್‌ಗೆ ಸಿಂಪಡಿಸುವ ವ್ಯವಸ್ಥೆ ಮಾಡಿದರು. ಆ ಟ್ಯಾಂಕ್ ತುಂಬಿಸೋದನ್ನ ಮಾಲೀಕರು ಮರೆತರು, ರಿಪೇರಿ ಕಾಟ ಹೆಚ್ಚಾಯ್ತು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೋವನ್ನೇ ಬಿಚ್ಚಿಸಿದರು.

1973ರ ಬಿಎಂಡಬ್ಲ್ಯೂ 2002 ಟರ್ಬೋದಲ್ಲಿ ಇನ್ನೊಂದು ದಾರಿ. ಅಲ್ಲಿ ಕಂಪ್ರೆಷನ್ ಅನ್ನೇ 6.9:1ಕ್ಕೆ ಇಳಿಸಿದರು. ಇಂಜಿನ್ ಸುರಕ್ಷಿತ, ಆದರೆ ಬೂಸ್ಟ್ ಬರೋವರೆಗೂ ಗಾಡಿ ಮಂಕು. ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್ ಕಾರಿನ 3.8 ಲೀಟರ್ ವಿ6 ಇಂಜಿನ್ 1984, 85ರಲ್ಲಿ ಇಂಟರ್‌ಕೂಲರ್ ಇಲ್ಲದೆ 200 ಅಶ್ವಶಕ್ತಿ ಕೊಡ್ತಿತ್ತು. 1986ರಲ್ಲಿ ಇಂಟರ್‌ಕೂಲರ್ ಹಾಕಿ, ಟ್ಯೂನಿಂಗ್ ಬದಲಿಸಿದ ಮೇಲೆ 235.

"ನಮ್ಮ ಹಳೇ ಡೀಸೆಲ್ ಗಾಡಿಗೆ ಇಂಟರ್‌ಕೂಲರ್ ಇರಲಿಲ್ಲ, ಚೆನ್ನಾಗೇ ಓಡ್ತಲ್ಲ" ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಸರಿ. ಹಳೆ ಲಾರಿ ಇಂಜಿನ್‌ಗಳ ಹೆಸರಲ್ಲಿ ಟಿಸಿ ಅಂದ್ರೆ ಬರೀ ಟರ್ಬೋ, ಟಿಸಿಐಸಿ ಅಂದ್ರೆ ಇಂಟರ್‌ಕೂಲರ್ ಸಹಿತ. ಆದರೆ ಡೀಸೆಲ್‌ನಲ್ಲಿ ಇಂಜಿನ್ ಎಳೆದುಕೊಳ್ಳೋದು ಬರೀ ಗಾಳಿ. ಒತ್ತುವಿಕೆಯ ಕೊನೆಯಲ್ಲಷ್ಟೇ ಇಂಧನ ಸಿಂಪಡಣೆ. ಮೊದಲೇ ಹೊತ್ತಿಕೊಳ್ಳೋಕೆ ಒಳಗೆ ಏನೂ ಇರಲ್ಲ. ಆ ಉದಾಹರಣೆ ಪೆಟ್ರೋಲ್ ಕಾರಿಗೆ ನಡೆಯಲ್ಲ.

ಈಗ ನಮ್ಮ ಕೇಳುಗರ ಕಾರಿಗೆ ಬರೋಣ. ಟರ್ಬೋ ಇಲ್ಲದ ಈಚಿನ ಪೆಟ್ರೋಲ್ ಇಂಜಿನ್‌ಗಳ ಕಂಪ್ರೆಷನ್ ಸಾಮಾನ್ಯವಾಗಿ 10:1 ಅಥವಾ ಅದಕ್ಕಿಂತ ಜಾಸ್ತಿ. ಇಸಿಯುಗೆ ಬೂಸ್ಟ್ ಅಂದ್ರೆ ಏನಂತಲೇ ಗೊತ್ತಿರಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಏನೂ ಆಗದೇ ಇರಬಹುದು, ಯಾಕಂದ್ರೆ ಅಲ್ಲಿ ಬೂಸ್ಟ್ ಬರೋದೇ ಅಪರೂಪ. ಪರೀಕ್ಷೆ ಇರೋದು ಊರಿಂದ ವಾಪಸ್ ಬರುವಾಗ. ನಾಲ್ಕು ಜನ, ಡಿಕ್ಕಿ ತುಂಬಾ ತೆಂಗಿನಕಾಯಿ, ಶಿರಾಡಿ ಘಾಟ್ ಏರು. ಬೂಸ್ಟ್ ನಿಮಿಷಗಟ್ಟಲೆ ಇಳಿಯಲ್ಲ. ಹಾಡು ಜೋರಾಗಿದ್ರೆ ನಾಕಿಂಗ್ ಸದ್ದು ಕಿವಿಗೂ ಬೀಳಲ್ಲ.

ಇಂಟರ್‌ಕೂಲರ್ ಇಲ್ಲದೇ ಮಾಡಲೇಬೇಕಂದ್ರೆ ಬೂಸ್ಟ್ ತೀರಾ ಕಡಿಮೆ ಇರಬೇಕು. ಇಂಧನ, ಸ್ಪಾರ್ಕ್ ಎರಡನ್ನೂ ಡೈನೋ ಮೇಲೆ ಟ್ಯೂನ್ ಮಾಡಿಸಬೇಕು. ಗಾಳಿ-ಇಂಧನ ಪ್ರಮಾಣ ತೋರಿಸುವ ಮೀಟರ್ ಬೇಕು. ಹೆಚ್ಚು ಆಕ್ಟೇನ್ ಇರುವ ಪೆಟ್ರೋಲ್ ಹಾಕಬೇಕು. ಇದೆಲ್ಲಾ ಕೂಡಿಸಿ ನೋಡಿ, ಇಂಟರ್‌ಕೂಲರ್‌ನಲ್ಲಿ ಉಳಿಸಿದ ದುಡ್ಡು ಎಲ್ಲಿ ಹೋಯ್ತು ಅಂತ ಗೊತ್ತಾಗುತ್ತೆ. ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಅನುಮತಿ ಇಲ್ಲದೆ ಇಂಥ ಬದಲಾವಣೆ ಮಾಡಿದ್ರೆ ತೊಂದರೆ. ನಾಳೆ ಇನ್ಶೂರೆನ್ಸ್ ಕ್ಲೇಮ್ ಮಾಡುವಾಗಲೂ ಪ್ರಶ್ನೆ ಬರುತ್ತೆ.

ಹಾಗಾಗಿ ಕೇಳುಗರೇ, ಟರ್ಬೋಗೆ ಅಡ್ವಾನ್ಸ್ ಕೊಡಬೇಡಿ. ಪೂರ್ತಿ ಕೆಲಸದ ಎಸ್ಟಿಮೇಟ್ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಅದರ ಕೆಳಗೆ, ಇಂಜಿನ್ ಹೋದ್ರೆ ಎಷ್ಟು ಅನ್ನೋ ಸಾಲನ್ನೂ ನೀವೇ ಸೇರಿಸಿ. ಆ ಮೊತ್ತ ನೋಡಿದ ಮೇಲೂ ಆಸೆ ಉಳಿದರೆ ಮತ್ತೆ ಮೆಸೇಜ್ ಮಾಡಿ, ಮಾತಾಡೋಣ.