ಹಿತ್ತಲ ಕೋಳಿಗೆ ನರಿ ಕಾಟ: ಸಂಜೆ ಹಾಲು ಹಾಕುವ ಮುನ್ನ ಗೂಡು ಮುಚ್ಚಿ



ಎಮ್ಮೆ, ಆಕಳು ಕಟ್ಟಿದ ಮನೆಯಲ್ಲಿ ನಾಲ್ಕಾರು ಕೋಳಿಯೂ ಇರುವುದು ನಮ್ಮ ಭಾಗದ ರೂಢಿ. ಹಾಲಿನ ಬಟವಾಡೆ ಬರುವ ತನಕ ಮಕ್ಕಳ ನೋಟ್‌ಬುಕ್ಕಿಗೆ, ಸಂತೆ ಖರ್ಚಿಗೆ ಒದಗುವುದು ಮೊಟ್ಟೆಯ ದುಡ್ಡು. ಆ ದುಡ್ಡು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲೇ ಇರುತ್ತದೆ. ಆದ್ದರಿಂದ ಒಂದೇ ರಾತ್ರಿ ಮೂರು ಕೋಳಿ ಹೋದರೆ ಅದು ಸಣ್ಣ ನಷ್ಟವಲ್ಲ. ದೇವದುರ್ಗ, ಮಾನ್ವಿ ತಾಲ್ಲೂಕಿನ ಊರುಗಳಲ್ಲಿ ನರಿ, ರಾಯಚೂರು ನಗರದ ಅಂಚಿನ ಬಡಾವಣೆಗಳಲ್ಲಿ ಬೀದಿನಾಯಿ ಕೋಳಿಗೆ ದೊಡ್ಡ ಕಾಟ. ಇದನ್ನು ಕಡಿಮೆ ಖರ್ಚಿನಲ್ಲೇ ತಡೆಯಬಹುದು.

ಒಯ್ದದ್ದು ಯಾವ ಪ್ರಾಣಿ?

ಕೋಳಿ ಕಾಣೆಯಾದರೆ ಎಲ್ಲರೂ ನರಿಯನ್ನೇ ಬೈಯುತ್ತಾರೆ. ಮೊದಲು ಗುರುತು ನೋಡಿ.

• ಕೋಳಿ ಪೂರ್ತಿ ಇಲ್ಲ, ಬೇಲಿಯ ತನಕ ಪುಕ್ಕ ಉದುರಿದೆ, ಗೂಡಿನ ಬುಡದಲ್ಲಿ ಮಣ್ಣು ಕೆದರಿದೆ: ನರಿ ಇರಬಹುದು.
• ಹಲವು ಕೋಳಿ ಸತ್ತು ಅಲ್ಲಲ್ಲೇ ಬಿದ್ದಿವೆ, ತಿಂದದ್ದು ಕಡಿಮೆ: ಹೆಚ್ಚಾಗಿ ನಾಯಿ.
• ಹಗಲು ಹೊತ್ತಿನಲ್ಲಿ ಮೊಟ್ಟೆ ಒಡೆದಿದೆ, ಸಣ್ಣ ಸಂದಿಯಿಂದ ಒಳಹೊಕ್ಕು ಕುತ್ತಿಗೆ ಕಚ್ಚಿದೆ: ಮುಂಗುಸಿ.
• ಹಗಲಲ್ಲೇ ಮರಿಗಳು ಒಂದೊಂದಾಗಿ ಮಾಯ: ಹದ್ದು, ಕಾಗೆ ಅಥವಾ ಬೆಕ್ಕು.

ನಮ್ಮ ಕಡೆ ಎರಡು ಬಗೆಯ ನರಿಗಳಿವೆ. ಸಂಜೆ ಗುಂಪಾಗಿ ಊಳಿಡುವ ಗುಳ್ಳೆನರಿ ದೊಡ್ಡದು, ಸುಮಾರು 8ರಿಂದ 10 ಕಿಲೋ ತೂಗುತ್ತದೆ. ಬಾಲದ ತುದಿ ಕಪ್ಪಗಿರುವ ಸಣ್ಣ ನರಿ 2ರಿಂದ 3 ಕಿಲೋ ಅಷ್ಟೇ. ಈ ಸಣ್ಣ ನರಿಯ ಮುಖ್ಯ ಆಹಾರ ಇಲಿ, ಹುಳ, ಗೆದ್ದಲು, ಬಾರೆಹಣ್ಣು. ಹೊಲದ ಇಲಿ ತಿನ್ನುವುದರಿಂದ ಅದು ರೈತರಿಗೆ ಉಪಕಾರಿಯೂ ಹೌದು. ಬೆಳೆದ ಕೋಳಿಯನ್ನು ಹೊತ್ತೊಯ್ಯುವುದು ಹೆಚ್ಚಾಗಿ ಗುಳ್ಳೆನರಿ.

ಊರೊಳಗೆ ಏಕೆ ಬರುತ್ತದೆ?

ಹಳ್ಳದ ದಂಡೆ, ಕಾಲುವೆ ಬದಿ, ಊರ ಸುತ್ತಲ ಬಳ್ಳಾರಿ ಜಾಲಿ ಪೊದೆ ನರಿಗೆ ಹಗಲಿನ ಆಸರೆ. ಭತ್ತ, ಜೋಳದ ಕೊಯ್ಲು ಮುಗಿದ ಮೇಲೆ ಹೊಲದಲ್ಲಿ ಮರೆ ಇರುವುದಿಲ್ಲ, ಇಲಿಯೂ ಕಡಿಮೆ. ಬೇಸಿಗೆಯ ಆರಂಭದಲ್ಲಿ ಮರಿಗಳನ್ನು ಸಾಕಬೇಕಾದ ನರಿಗೆ ಆಹಾರ ಹೆಚ್ಚು ಬೇಕು. ಆಗ ಅದು ವಾಸನೆ ಹಿಡಿದು ಊರಿಗೆ ಬರುತ್ತದೆ.

ಆ ವಾಸನೆ ಎಷ್ಟೋ ಸಲ ನಮ್ಮ ಕೊಟ್ಟಿಗೆಯದೇ. ಆಕಳು ಈದ ಮೇಲೆ ಬಿದ್ದ ಮಾಸು, ಸತ್ತ ಕರು, ಸತ್ತ ಕೋಳಿಗಳನ್ನು ತಿಪ್ಪೆಗೆ ಎಸೆದರೆ ನರಿ, ನಾಯಿಗಳಿಗೆ ದಾರಿ ತೋರಿಸಿದ ಹಾಗೆ. ಒಮ್ಮೆ ರುಚಿ ಕಂಡ ಪ್ರಾಣಿ ಮರುದಿನವೂ ಬರುತ್ತದೆ, ಪಕ್ಕದ ಕೋಳಿಗೂಡನ್ನೂ ನೋಡುತ್ತದೆ. ಇಂಥವನ್ನು 3ರಿಂದ 4 ಅಡಿ ಆಳದ ಗುಂಡಿಯಲ್ಲಿ ಹಾಕಿ, ಸುಣ್ಣ ಸುರಿದು, ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿ. ಕಂದು ಹಾಕಿದ ಆಕಳ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದರಿಂದ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟಬಹುದು.

ಗೂಡು ಹೇಗಿರಬೇಕು?

ಬುಟ್ಟಿ ಬೋರಲು ಹಾಕಿ ಮೇಲೆ ಕಲ್ಲಿಟ್ಟರೆ ಮುಂಗುಸಿಗೆ ತಡೆಯಾದೀತು, ಗುಳ್ಳೆನರಿ ಅದನ್ನು ಉರುಳಿಸಿಬಿಡುತ್ತದೆ. ಹತ್ತು ನಾಟಿ ಕೋಳಿಗೆ ರಾತ್ರಿ ತಂಗಲು 4 ಅಡಿ ಉದ್ದ, 3 ಅಡಿ ಅಗಲದ ಗೂಡು ಸಾಕು. ಗಿರಿರಾಜ, ಸ್ವರ್ಣಧಾರದಂಥ ದೊಡ್ಡ ತಳಿಗೆ ಇದರ ಒಂದೂವರೆ ಪಟ್ಟು ಜಾಗ ಕೊಡಿ. ಮೈಭಾರದ ಈ ಕೋಳಿಗಳು ನಾಟಿ ಕೋಳಿಯಂತೆ ಹಾರಿ ಮರ ಹತ್ತಲಾರವು, ಆದ್ದರಿಂದ ಅವಕ್ಕೆ ಗೂಡು ಇನ್ನೂ ಅಗತ್ಯ.

• ನೆಲ: ನೆಲದ ಮೇಲಿನ ಗೂಡಾದರೆ ಅಡಿಗೆ ಫರಸಿ ಕಲ್ಲು ಹಾಸಿ. ಗೂಡಿನ ಸುತ್ತಲೂ ಒಂದೂವರೆ ಅಡಿ ಅಗಲ ಕಲ್ಲು ಹಾಸಿದರೆ ನರಿ ಬುಡ ಕೆದರಲು ಆಗುವುದಿಲ್ಲ. ನಾಲ್ಕು ಕಂಬದ ಮೇಲೆ ಎತ್ತರದಲ್ಲಿ ಕಟ್ಟಿದರೂ ಒಳ್ಳೆಯದು.
• ಜಾಲರಿ: ತೆಳು ತಂತಿಯ ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆ, ನರಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ವೆಲ್ಡ್ ಮೆಶ್ ಹಾಕಿ. ಇದರಲ್ಲಿ ಮುಂಗುಸಿಯೂ ತೂರದು.
• ಗಾಳಿ: ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಲ್ಕೂ ಕಡೆ ತಗಡು ಬಡಿದರೆ ಕೋಳಿ ಸೆಕೆಗೆ ಸಾಯುತ್ತವೆ. ಎದುರುಬದುರು ಎರಡು ಕಡೆ ಜಾಲರಿ ಇರಲಿ, ಮೇಲೆ ಸೋಗೆ ಅಥವಾ ಹುಲ್ಲು ಹೊದಿಸಿ.
• ಬಾಗಿಲು: ಹಗ್ಗ ಕಟ್ಟಿ ಬಿಡಬೇಡಿ. ಚಿಲಕ ಹಾಕಿ, ಅದಕ್ಕೊಂದು ತಂತಿ ಸುತ್ತಿ.

ಗೂಡಿನಷ್ಟೇ ಮುಖ್ಯ ಹೊತ್ತು

ನರಿ ಹೆಚ್ಚಾಗಿ ಓಡಾಡುವುದು ಮುಸ್ಸಂಜೆ, ರಾತ್ರಿ ಮತ್ತು ನಸುಕಿನಲ್ಲಿ. ನಾವು ಹಾಲು ಕರೆದು, ಕ್ಯಾನ್ ಹಿಡಿದು ಸಂಘಕ್ಕೆ ಹೋಗುವುದೂ ಅದೇ ಹೊತ್ತಿನಲ್ಲಿ. ಮನೆಯಲ್ಲಿ ಯಾರೂ ಇಲ್ಲ, ಕೋಳಿಗಳು ಇನ್ನೂ ತಿಪ್ಪೆ ಕೆದರುತ್ತಿರುತ್ತವೆ. ನರಿಗೆ ಬೇಕಾದದ್ದು ಇಷ್ಟೇ. ಹಾಗಾಗಿ ಒಂದು ರೂಢಿ ಮಾಡಿಕೊಳ್ಳಿ: ಹಾಲು ಕರೆಯಲು ಕೂರುವ ಮುನ್ನ ಗೂಡಿನೊಳಗೆ ಒಂದು ಹಿಡಿ ಜೋಳ ಅಥವಾ ಸಜ್ಜೆ ಚೆಲ್ಲಿ, ಕೋಳಿಗಳನ್ನು ಕರೆಯಿರಿ. ವಾರ, ಹತ್ತು ದಿನದಲ್ಲಿ ಅವು ತಾವಾಗಿ ಬರುತ್ತವೆ. ಎಣಿಸಿ, ಚಿಲಕ ಹಾಕಿ, ಆಮೇಲೆ ಕ್ಯಾನ್ ಎತ್ತಿ. ಬೆಳಿಗ್ಗೆಯೂ ಚೆನ್ನಾಗಿ ಬೆಳಕಾದ ಮೇಲೆ, ಹಾಲು ಹಾಕಿ ಬಂದು ಗೂಡು ತೆರೆಯಿರಿ. ಬೇಲಿಯಲ್ಲಿ, ಮೇವಿನ ಬಣವೆಯ ಸಂದಿಯಲ್ಲಿ ಕಾವಿಗೆ ಕೂತ ಕೋಳಿ ರಾತ್ರಿ ನರಿಗೆ ಸುಲಭದ ತುತ್ತು. ಕತ್ತಲಾದ ಮೇಲೆ ಅದನ್ನು ಮೊಟ್ಟೆ ಸಮೇತ ಬುಟ್ಟಿಯಲ್ಲಿ ಮನೆಯೊಳಗೆ ತನ್ನಿ.

ವಿಷ ಬೇಡ, ಕರೆಂಟ್ ಬೇಡ

ಹತ್ತಿಗೆ ಹೊಡೆಯುವ ಔಷಧಿಯನ್ನು ಮಾಂಸಕ್ಕೆ ಸವರಿ ಇಡುವವರಿದ್ದಾರೆ. ಆ ತುಂಡನ್ನು ನಾಯಿ, ಬೆಕ್ಕು, ನಿಮ್ಮದೇ ಕೋಳಿ ತಿನ್ನುತ್ತವೆ. ವಿಷ ಮೇವಿಗೋ ಕುಡಿಯುವ ನೀರಿಗೋ ತಾಗಿದರೆ ಎಮ್ಮೆಯೇ ಹೋಗಬಹುದು. ಆಡುವ ಮಕ್ಕಳಿಗೂ ಅಪಾಯ. ಬೇಲಿಗೆ ಕರೆಂಟ್ ಹರಿಸುವುದೂ ಅಷ್ಟೇ: ಕತ್ತಲಲ್ಲಿ ಅದನ್ನು ಮುಟ್ಟುವವರು ಮನೆಯವರೇ ಆಗಬಹುದು. ಮೇಲಾಗಿ ನರಿ, ಕಾಡುಬೆಕ್ಕುಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಕೊಲ್ಲುವುದು ಅಪರಾಧ.

ಹಗಲಲ್ಲೇ ಬರುವ ನರಿ: ಎಚ್ಚರ!

ಆರೋಗ್ಯವಾಗಿರುವ ನರಿ ಮನುಷ್ಯರನ್ನು ಕಂಡರೆ ಓಡುತ್ತದೆ. ಹೆದರದೆ ಮನೆಯಂಗಳಕ್ಕೆ ಬಂದರೆ, ತೂರಾಡಿದರೆ, ಜೊಲ್ಲು ಸುರಿಸಿದರೆ, ಕಟ್ಟಿದ ದನಕ್ಕೆ ಕಚ್ಚಿದರೆ ಹುಚ್ಚು (ರೇಬೀಸ್) ಇರಬಹುದು. ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಮನುಷ್ಯರಿಗೆ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಆಕಳು, ಎಮ್ಮೆಗೆ ಕಚ್ಚಿದರೆ ಕೈಗವಸು ಹಾಕಿಕೊಂಡು ಹಾಗೆಯೇ ತೊಳೆಯಿರಿ, ತಡಮಾಡದೆ ಪಶುವೈದ್ಯರಿಗೆ ಹೇಳಿ. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಮನೆಬಾಗಿಲಿಗೆ ಬರುತ್ತದೆ. ದನಕ್ಕೆ ಕಚ್ಚಿದ ದಿನ, ನಂತರ 3, 7, 14 ಮತ್ತು 28ನೇ ದಿನ ಲಸಿಕೆ ಹಾಕಿಸಬೇಕು. ಗಾಯ ಮಾಯಿತೆಂದು ನಡುವೆ ಬಿಡಬೇಡಿ. ರೋಗ ವಾರಗಳ, ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು, ಕಾಣಿಸಿಕೊಂಡ ಮೇಲೆ ಔಷಧಿ ಇಲ್ಲ.

ಆಕಳು ಮೇವು ಬಿಟ್ಟು ಜೊಲ್ಲು ಸುರಿಸುತ್ತಾ, ದನಿ ಒಡೆದು ಕೂಗುತ್ತಿದ್ದರೆ ಗಂಟಲಿಗೆ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಹುಚ್ಚು ಹಿಡಿದ ದನವೂ ಹೀಗೇ ಮಾಡುತ್ತದೆ. ರೋಗ ಅಂಟುವುದು ಆ ಜೊಲ್ಲಿನಿಂದ. ಅಂಥ ಆಕಳ ಹಾಲನ್ನು ಕುಡಿಯಬೇಡಿ, ಸಂಘಕ್ಕೂ ಹಾಕಬೇಡಿ. ಮನೆಯಲ್ಲಿ ನಾಯಿ ಸಾಕಿದ್ದರೆ ಒಳ್ಳೆಯ ಕಾವಲು, ಆದರೆ ಪ್ರತಿ ವರ್ಷ ಅದಕ್ಕೆ ರೇಬೀಸ್ ಲಸಿಕೆ ತಪ್ಪದೆ ಹಾಕಿಸಿ.

ಒಂದು ಮನೆಯವರು ಗೂಡು ಭದ್ರ ಮಾಡಿದರೆ ನರಿ ಪಕ್ಕದ ಮನೆ ನೋಡುತ್ತದೆ. ಹಾಗಾಗಿ ಮುಂದಿನ ಸಂಘದ ಸಭೆಯಲ್ಲಿ ಈ ವಿಷಯವನ್ನೂ ಮಾತಾಡಿ. ಸತ್ತ ಕರು, ಮಾಸು ಹೂಳಲು ಊರಿಗೊಂದು ಜಾಗ ಗೊತ್ತುಮಾಡಿ, ಜಾಲರಿಯನ್ನು ನಾಲ್ಕು ಮನೆಯವರು ಸೇರಿ ಒಂದೇ ಸುರುಳಿಯಾಗಿ ಕೊಂಡರೆ ಖರ್ಚೂ ಉಳಿಯುತ್ತದೆ.