ಸಂತೆಗೆ ನಡೆದು ಹೋಗುವ ದೂರದಲ್ಲೊಂದು ಮನೆ

ಬೆಳಗ್ಗೆ ಏಳೂವರೆಯ ಮೇಲೆ ಮಲ್ಪೆಯಿಂದ ಬರುವ ಸಿಟಿ ಬಸ್ಸಿಗೆ ಆದಿ ಉಡುಪಿಯಲ್ಲಿ ಹತ್ತಿದವರಿಗೆ ಸೀಟು ಸಿಗುವುದು ಅಪರೂಪ. ಮಲ್ಪೆ, ಕಲ್ಮಾಡಿಯವರು ಕಿಟಕಿ ಬದಿ ಹಿಡಿದು ಕೂತಾಗಿರುತ್ತದೆ. ಕಂಡಕ್ಟರ್ ಬಾಗಿಲಲ್ಲಿ ಜೋತು ನಿಂತು "ಪಿರ ಪೋಲೆ, ಪಿರ ಪೋಲೆ" ಎಂದು ಕೂಗುತ್ತಾನೆ. ಹಿಂದೆ ಹೋಗಲು ಜಾಗವಿಲ್ಲ ಎಂಬುದು ಅವನಿಗೂ ಗೊತ್ತು. ಬಿಳಿ ಸಮವಸ್ತ್ರದ ನರ್ಸ್, ರಜತಾದ್ರಿಯ ಜಿಲ್ಲಾ ಕಚೇರಿಗೆ ಹೋಗುವ ಗುಮಾಸ್ತ, ಪೇಟೆಯ ಜವಳಿ ಅಂಗಡಿಯ ಹುಡುಗಿಯರು, ಬೆನ್ನಿಗೆ ಚೀಲ ಏರಿಸಿದ ಕಾಲೇಜು ಮಕ್ಕಳು ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಂತೆ ನಿಲ್ಲುತ್ತಾರೆ. "ರೈಟ್, ಪೋಯಿ" ಎಂದ ಕೂಡಲೇ ಬಸ್ಸು ಹೆದ್ದಾರಿಯ ಕಡೆ ಹೊರಳುತ್ತದೆ.

ಅದೇ ಹೊತ್ತಿಗೆ ಬಂದರಿನಿಂದ ಮೀನಿನ ಲಾರಿಗಳೂ ಹೊರಟಿರುತ್ತವೆ. ಐಸ್ ಕರಗಿದ ನೀರು ಹಿಂದಿನಿಂದ ಸೋರುತ್ತಾ ರಸ್ತೆಯುದ್ದಕ್ಕೂ ಒಂದು ಒದ್ದೆ ಗೆರೆ ಬಿಡುತ್ತದೆ. ಸ್ಕೂಟರಿನವರು ಆ ಗೆರೆಯನ್ನು ತಪ್ಪಿಸಿ ಓಡಿಸುವುದನ್ನು ಲೈಸೆನ್ಸ್ ಸಿಗುವ ಮೊದಲೇ ಕಲಿತಿರುತ್ತಾರೆ. ಈ ನೀರಿನ ಬಗ್ಗೆ ದೂರು ಕೊಟ್ಟವರು ಎಷ್ಟೋ ಮಂದಿ. ನೀರು ಮಾತ್ರ ಸೋರುತ್ತಲೇ ಇದೆ.

ಉಡುಪಿ ಪೇಟೆಗೂ ಮಲ್ಪೆ ಬಂದರಿಗೂ ನಡುವೆ ಬರುವ ಊರು ಇದು. ಕರಾವಳಿ ಬೈಪಾಸಿನ ಮೇಲ್ಸೇತುವೆಯ ಕೆಳಗೆ 66ನೇ ರಾಷ್ಟ್ರೀಯ ಹೆದ್ದಾರಿಯನ್ನು ದಾಟಿ ಪಡುವಣಕ್ಕೆ ತಿರುಗಿದರೆ ಆದಿ ಉಡುಪಿ; ಇನ್ನೂ ಮೂರು ಕಿಲೋಮೀಟರು ಹೋದರೆ ಸಮುದ್ರ. ಮೂಡಣಕ್ಕೆ ಏಳೆಂಟು ಕಿಲೋಮೀಟರು ಏರಿದರೆ ಮಣಿಪಾಲ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಬರುವ 169ಎ ಹೆದ್ದಾರಿ ಮಣಿಪಾಲ, ಉಡುಪಿ ದಾಟಿ ಇದೇ ಊರಿನ ನಡುವೆ ಹಾದು ಮಲ್ಪೆಯಲ್ಲಿ ಮುಗಿಯುತ್ತದೆ. ಅಗಲೀಕರಣ, ಭೂಸ್ವಾಧೀನ, ಪರಿಹಾರ ಎಂಬ ಮೂರು ಮಾತು ಈ ರಸ್ತೆ ಬದಿಯ ಅಂಗಡಿಗಳಲ್ಲಿ ವರ್ಷಗಳಿಂದ ಚಹಾದ ಜತೆ ಓಡಾಡುತ್ತಿವೆ. ಇಲ್ಲಿ ಒಂದು ಹೆಲಿಪ್ಯಾಡೂ ಉಂಟು. ದೊಡ್ಡವರು ಆಕಾಶದಿಂದ ಇಳಿದ ದಿನ ಬಸ್ಸಿನವರು ನೆಲದಲ್ಲಿ ನಿಂತಿರಬೇಕು.

ಇಂಥಲ್ಲಿ ಮನೆ ಹುಡುಕಿಕೊಂಡು ಬರುವವರು ಯಾರು? ಒಂದು ಸಂಜೆಯ ನೋಟ. ಹೆಬ್ರಿ ಕಡೆಯ ಗಂಡ-ಹೆಂಡತಿ ಸ್ಕೂಟರ್ ನಿಲ್ಲಿಸಿ, ಕೆಂಪುಕಲ್ಲಿನ ಕಂಪೌಂಡಿನೊಳಗಿನ ಮಹಡಿ ಮನೆಯನ್ನು ಕತ್ತೆತ್ತಿ ನೋಡುತ್ತಿದ್ದಾರೆ. ಅವನಿಗೆ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಕೆಲಸ, ಅವಳಿಗೆ ಮಣಿಪಾಲದ ಆಸ್ಪತ್ರೆಯಲ್ಲಿ. ಒಬ್ಬರು ಇಳಿದು ಹೋಗಬೇಕು, ಒಬ್ಬರು ಏರಿ ಹೋಗಬೇಕು. ಕಿಟಕಿಯ ಕಬ್ಬಿಣಕ್ಕೆ ಉಪ್ಪುಗಾಳಿ ಆಗಲೇ ತುಕ್ಕು ಹತ್ತಿಸಿದೆ. ಟೆರೇಸಿನ ಮೇಲೆ ಮಳೆಗೆ ಹಾಕಿದ ಶೀಟು, ಅದರಡಿ ಒಣಗಲು ಹಾಕಿದ ತೆಂಗಿನಕಾಯಿ. ಕೆಳಗಿನ ಮನೆಯ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ನೀರಿಗೆ ಎಂತ ತೊಂದರೆ ಇಲ್ಲ. ಬಾವಿ ಉಂಟು, ನಗರಸಭೆಯ ನಳ್ಳಿಯೂ ಉಂಟು."

"ಏಪ್ರಿಲ್‌ನಲ್ಲಿಯೂ ಬರ್ತದಾ ಅಮ್ಮ?"

"ಏಪ್ರಿಲ್‌ನಲ್ಲಿ ಯಾರಿಗೆ ಬರ್ತದೆ ಹೇಳಿ?"

ಬಾಡಿಗೆ, ಅಡ್ವಾನ್ಸ್ ವಿಚಾರ ಆಮೇಲೆ ಬಂತು. ಮೀನು ತಿನ್ನುತ್ತೀರಾ ಎಂಬ ಪ್ರಶ್ನೆ ಬರಲೇ ಇಲ್ಲ. ಕೃಷ್ಣ ಮಠದ ರಥಬೀದಿಯ ಸುತ್ತಮುತ್ತ ಮನೆ ಹುಡುಕಿದವರಿಗೆ ಈ ಮೌನದ ಬೆಲೆ ಗೊತ್ತಿರುತ್ತದೆ. ಅಲ್ಲಿ ಬಾಗಿಲು ತೆರೆಯುವ ಮುಂಚೆ ಅಡುಗೆಮನೆಯ ವಿಚಾರಣೆ ಮುಗಿಯಬೇಕು.

ಅಮ್ಮ ಹೇಳಿದ ಏಪ್ರಿಲ್ ಮಾತು ಸುಳ್ಳಲ್ಲ. ಉಡುಪಿಯ ನಳ್ಳಿಗೆ ವರ್ಷಗಟ್ಟಲೆ ಬಂದದ್ದು ಸ್ವರ್ಣಾ ನದಿಯ ನೀರು, ಬಜೆ ಅಣೆಕಟ್ಟಿನಿಂದ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಈ ಊರಿನಲ್ಲಿ 2019ರ ಬೇಸಿಗೆಗೆ ಬಜೆಯ ತಳ ಕಂಡಿತ್ತು. ನದಿಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪಿನಿಂದ ಎತ್ತಿ ಪೇಟೆಗೆ ಕೊಡಬೇಕಾಯಿತು. ಹಾಗಾದರೆ ಬಾವಿಯೇ ಗಟ್ಟಿ ಎಂದುಕೊಳ್ಳಬಹುದು. ಆದರೆ ಇಂದ್ರಾಳಿ ಕಡೆಯಿಂದ ಹರಿದು ಬರುವ ಇಂದ್ರಾಣಿ ತೊರೆ ಪೇಟೆಯ ಕೊಳಕನ್ನೆಲ್ಲ ಹೊತ್ತುಕೊಂಡು ಕೊಡವೂರು, ಕಲ್ಮಾಡಿಯ ಕಡೆ ಇಳಿದು ಸಮುದ್ರ ಸೇರುತ್ತದೆ. ಅದರ ದಡದ ಬಾವಿಗಳ ಪಾಡು ಕೇಳಬೇಡಿ. ಸಮುದ್ರದ ಕಡೆಯ ಕೆಲವು ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು. ಹಾಗಾಗಿ ಒಂದೇ ಊರಿನಲ್ಲಿ ಈ ಓಣಿಯ ಬಾವಿ ಸಿಹಿ, ಆ ಓಣಿಯದು ಕುಡಿಯಲು ಆಗದು. ಮನೆ ನೋಡುವವರು ಟೈಲ್ಸ್ ನೋಡುತ್ತಾರೆ, ಅಡುಗೆಮನೆಯ ಕಪಾಟು ಎಳೆದು ನೋಡುತ್ತಾರೆ. ಬಾವಿಗೆ ಬಗ್ಗಿ ನೋಡುವವರು ಕಡಿಮೆ.

ಮಳೆಯ ಲೆಕ್ಕ ಇನ್ನೊಂದು. 2020ರ ಸೆಪ್ಟೆಂಬರ್ 20ರ ಬೆಳಗ್ಗೆ ಉಡುಪಿ ಎದ್ದದ್ದು ನೀರಿನೊಳಗೆ. ಕಲ್ಸಂಕ, ಬನ್ನಂಜೆಯ ಕಡೆ ದೋಣಿ ತಂದು ಜನರನ್ನು ಸಾಗಿಸಿದರು. ಇಂಥ ನೀರಿನ ಅಂದಾಜಿದ್ದ ಹಿಂದಿನವರು ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಮಾಡಿದ್ದರು. ನೀರು ನಿಲ್ಲುವ ತಗ್ಗು ಬೈಲು, ಅದರ ಮೇಲಿನದು ಮಜಲು, ಮಳೆಗಾಲದ ಒಂದೇ ಬೆಳೆಗೆ ಸಾಕಾಗುವ ಎತ್ತರದ ನೆಲ ಬೆಟ್ಟು. ಮನೆ ಕಟ್ಟುವವರು ಮೊದಲು ಬೆಟ್ಟು ಹುಡುಕುತ್ತಿದ್ದರು. ಈಗ ಬೈಲಿಗೆ ಮಣ್ಣು ತುಂಬಿಸಿ, ಕನ್ವರ್ಷನ್ ಮಾಡಿಸಿ, ಐದೈದು ಸೆಂಟ್ಸಿಗೆ ಕಲ್ಲು ಹುಗಿದು ಮಾರುತ್ತಾರೆ. ಕಾಗದ ಎಲ್ಲ ಸರಿ ಇರಬಹುದು. ಜುಲೈಯ ನೀರು ಕಾಗದ ಓದುವುದಿಲ್ಲ.

ಹಾಗಿದ್ದರೆ ಮಣಿಪಾಲದಲ್ಲೇ ಇರಬಾರದೇ? ಅದು ಗಟ್ಟಿ ಕಲ್ಲಿನ ಗುಡ್ಡ, ನೆರೆಯ ಭಯ ಕಡಿಮೆ. ಆದರೆ 1953ರಲ್ಲಿ ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ಆ ಗುಡ್ಡ ಬೆಳೆದದ್ದು ಹೊರಗಿನಿಂದ ಬಂದ ವಿದ್ಯಾರ್ಥಿಗಳಿಂದ. ಬಾಡಿಗೆಯೂ ಅವರ ಅಪ್ಪಂದಿರ ಕಿಸೆ ನೋಡಿಯೇ ನಿಲ್ಲುತ್ತದೆ. ಮೂರು ಹುಡುಗರು ಹಂಚಿಕೊಂಡು ಕೊಡುವ ಬಾಡಿಗೆಯನ್ನು ಒಂದು ಸಂಬಳದ ಸಂಸಾರ ಕೊಡಲಾರದು. ಇನ್ನು ಹಿರಿಯಡಕದ ಕಡೆ ಹೋದರೆ ಅಂಗಳ, ಹೂವಿನ ಗಿಡ, ಕಡಿಮೆ ಬಾಡಿಗೆ ಎಲ್ಲ ಉಂಟು. ಮಲ್ಪೆಗೆ ಹೋಗುವವನಿಗೆ ಅಲ್ಲಿಂದ ಒಂದು ಸಲಕ್ಕೆ ಕಡಿಮೆಯೆಂದರೂ ಹನ್ನೆರಡು ಕಿಲೋಮೀಟರು ಹೆಚ್ಚು ಎಂದಿಟ್ಟುಕೊಳ್ಳಿ. ದಿನಕ್ಕೆ 24, ತಿಂಗಳ 25 ದಿನಕ್ಕೆ 600. ಲೀಟರಿಗೆ 45 ಕಿಲೋಮೀಟರು ಕೊಡುವ ಸ್ಕೂಟರಿಗೆ ಹದಿಮೂರು ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ಸಾವಿರದ ಮುನ್ನೂರು. ಬಾಡಿಗೆಯಲ್ಲಿ ಉಳಿದ ದುಡ್ಡು ಪೆಟ್ರೋಲ್ ಬಂಕಿಗೆ ಹೋಯಿತು. ಮಳೆಗಾಲದಲ್ಲಿ ರೈನ್‌ಕೋಟಿನೊಳಗೆ ಒದ್ದೆಯಾದ ಬೆನ್ನಿಗೆ ಲೆಕ್ಕ ಹಾಕಿದವರಿಲ್ಲ.

ಬಸ್ಸಿನ ವಿಷಯದಲ್ಲಿ ಕರಾವಳಿಯ ಹೆಂಗಸರಿಗೆ ಒಂದು ಹಳೆಯ ಅಸಮಾಧಾನ ಉಂಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ದುಡ್ಡು ಇಲ್ಲ ಎಂದಾಯಿತು. ಆದರೆ ಇಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲೊಂದು ಇಲ್ಲೊಂದು ಸರಕಾರಿ ನರ್ಮ್ ಬಸ್ಸು ಬಂದರೆ ಹತ್ತಬಹುದು. ಅದಕ್ಕೆಂದು ಕಾದು ನಿಂತರೆ ಡ್ಯೂಟಿ ತಪ್ಪುತ್ತದೆ. ಆದರೂ ಖಾಸಗಿಯವರ ಪೈಪೋಟಿಯಿಂದ ಹಗಲು ಹೊತ್ತು ಮಲ್ಪೆ–ಮಣಿಪಾಲ ದಾರಿಯಲ್ಲಿ ಬಸ್ಸಿಗೆ ಕೊರತೆ ಇಲ್ಲ ಎಂಬುದನ್ನು ಒಪ್ಪಲೇಬೇಕು. ಕಲ್ಸಂಕದ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವುದು ಬೇರೆ ಮಾತು. ರಾತ್ರಿ ಒಂಬತ್ತರ ಮೇಲೆ ಮಾತ್ರ ಬಸ್ಸನ್ನು ನಂಬಬಾರದು, ರಿಕ್ಷಾದವರ ಮರ್ಜಿ ಹಿಡಿಯಬೇಕು.

ಇಷ್ಟೆಲ್ಲ ತೂಗಿ ನೋಡುವಾಗ ಆದಿ ಉಡುಪಿಯ ತಟ್ಟೆ ಕೆಳಗಿಳಿಯುವುದು ಬುಧವಾರ. ಎಪಿಎಂಸಿ ಪ್ರಾಂಗಣದಲ್ಲಿ ಅಂದು ಸಂತೆ. ಭಾನುವಾರದ ಸಂತೆಕಟ್ಟೆ, ಸೋಮವಾರದ ಬ್ರಹ್ಮಾವರ, ಶನಿವಾರದ ಕುಂದಾಪುರದಂತೆ ಉಡುಪಿಯವರಿಗೆ ಬುಧವಾರದ ಆದಿ ಉಡುಪಿ. ಬೆಳಗಾಗುವ ಮೊದಲೇ ಘಟ್ಟದ ಲಾರಿಗಳು ಇಳಿದಿರುತ್ತವೆ. ಕ್ಯಾಬೇಜು, ಬೀನ್ಸ್, ಟೊಮೆಟೊ ಗುಡ್ಡೆಗುಡ್ಡೆಯಾಗಿ ಟಾರ್ಪಾಲಿನ ಮೇಲೆ. ಈರುಳ್ಳಿಯವನದು ಒಂದೇ ರಾಗ, ಕಿಲೋ ರೇಟಿಗಿಂತ ಐದು ಕಿಲೋ ರೇಟನ್ನು ಜೋರಾಗಿ ಕೂಗುತ್ತಾನೆ. ಬಾಗಲಕೋಟೆ, ಗದಗದ ಕಡೆಯಿಂದ ಬಂದರಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದವರು ಹಸಿಮೆಣಸು ಆರಿಸುವಾಗ ತುಳುವಿನ ನಡುವೆ ಅವರ ಕನ್ನಡ ಕೇಳಿಸುತ್ತದೆ.

ಅಂಚಿನಲ್ಲಿ, ನೆರಳು ಸಿಕ್ಕಿದಲ್ಲಿ, ಊರಿನ ಹೆಂಗಸರು. ಅವರ ಮುಂದೆ ಗುಡ್ಡೆ ಇರುವುದಿಲ್ಲ. ಬಾಳೆಎಲೆಯ ಮೇಲೆ ನಾಲ್ಕು ಕಟ್ಟು ಹರಿವೆ, ಎರಡು ಕಟ್ಟು ಬಸಳೆ, ಬಿಳಿ ಬೆಂಡೆ, ಬಾಳೆನಾರಿನಲ್ಲಿ ಕಟ್ಟಿದ ಅಲಸಂಡೆ. ಮಳೆಗಾಲದ ಆಟಿ ತಿಂಗಳಾದರೆ ಪತ್ರೊಡೆಯ ಕೆಸುವಿನ ಎಲೆ, ನೀರಲ್ಲಿ ಹಾಕಿದ ಎಳೆಬಿದಿರಿನ ಕಣಿಲೆ.

ಗುಳ್ಳ ಬದನೆಯ ಮುಂದೆ ಮಾತ್ರ ಎಲ್ಲರೂ ಕುಕ್ಕರುಗಾಲಲ್ಲಿ ಕೂರುತ್ತಾರೆ. ಹಸಿರು ಮೈ, ಬಿಳಿ ಗೆರೆ, ತೊಟ್ಟಿನಲ್ಲಿ ಸಣ್ಣ ಮುಳ್ಳು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟು ಗುಳ್ಳಕ್ಕೆ ಬೆಳೆಗಾರರ ಸಂಘದ ಸ್ಟಿಕ್ಕರ್ ಇರಬೇಕು. ಕೊಳ್ಳುವವರು ಮೊದಲು ಸ್ಟಿಕ್ಕರ್ ನೋಡುತ್ತಾರೆ, ಆಮೇಲೆ ಅದನ್ನೂ ನಂಬದೆ ಹೆಬ್ಬೆರಳಿನಿಂದ ಸಿಪ್ಪೆ ಒತ್ತುತ್ತಾರೆ.

"ಒತ್ತಿ ಒತ್ತಿ ಗಾಯ ಮಾಡ್ಬೇಡಿ ಅಕ್ಕ, ಮಟ್ಟುವಿನದ್ದೇ ಇದು."

"ಮೊನ್ನೆಯೂ ಹಾಗೇ ಹೇಳಿದ್ದಲ್ಲ ನೀವು? ಹುಳಿಗೆ ಹಾಕಿದ್ರೆ ರುಚಿಯೇ ಇರ್ಲಿಲ್ಲ."

ಆಕೆ ನಗುತ್ತಾ ಒಂದು ಗುಳ್ಳ ಹೆಚ್ಚು ಹಾಕುತ್ತಾಳೆ. ಈ ಹೆಚ್ಚಿನ ಒಂದು ಗುಳ್ಳ ಯಾವ ಸೂಪರ್ ಮಾರ್ಕೆಟಿನ ಬಿಲ್ಲಿನಲ್ಲಿಯೂ ಬರುವುದಿಲ್ಲ.

ಮೀನಿಗೆ ವಾರ ಇಲ್ಲ. ಸಂಜೆ ಮಲ್ಪೆಯಿಂದ ಮರಳುವ ಗಂಡ ಬಂದರಿನಲ್ಲೇ "ನೂರಕ್ಕೆ ಎಷ್ಟು ಬಂಗುಡೆ" ಕೇಳಿ ತರುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ. ಆಗ ನಾಡದೋಣಿಯವರು ತಂದಷ್ಟೇ ತಾಜಾ ಮೀನು, ರೇಟು ಕೇಳಿದರೆ ಒಣಮೀನೇ ಸಾಕು ಅನ್ನಿಸುತ್ತದೆ. ಉಳಿದ ಜೀನಸಿಗೆ ಓಣಿಯ ಅಂಗಡಿ ಉಂಟು, ಫೋನಿನಲ್ಲಿ ತರಿಸಿಕೊಳ್ಳುವವರೂ ಈಗ ಇದ್ದಾರೆ. ಅಂಗಡಿಯವನಿಗೆ ಅದು ಗೊತ್ತಿದೆ. ತಿಂಗಳ ಕೊನೆಗೆ ಪುಸ್ತಕದಲ್ಲಿ ಬರೆಸಲು ಅದೇ ಮನೆಯವರು ಬರುತ್ತಾರೆಂದೂ ಗೊತ್ತಿದೆ.

ಆ ಹೆಬ್ರಿಯ ಜೋಡಿ ನನ್ನನ್ನು ಕೇಳಿದ್ದರೆ ಹಿಡಿಯಿರಿ ಎನ್ನುತ್ತಿದ್ದೆ. ಎರಡು ದಿಕ್ಕಿನ ಕೆಲಸಕ್ಕೆ ಒಂದೇ ಬಸ್ಸಿನ ದಾರಿ, ವಾರದ ತರಕಾರಿಗೆ ನಡೆದು ಹೋಗುವ ದೂರ. ಇವೆರಡೂ ಒಟ್ಟಿಗೆ ಸಿಗುವ ಜಾಗ ಉಡುಪಿಯ ಸುತ್ತ ಹೆಚ್ಚಿಲ್ಲ. ಇಬ್ಬರ ಕೆಲಸವೂ ಮಣಿಪಾಲದ ಗುಡ್ಡದ ಮೇಲೆಯೇ, ಅದರಲ್ಲೂ ನೈಟ್ ಡ್ಯೂಟಿ ಎಂದಾದರೆ ಇಲ್ಲಿಗೆ ಬರಬೇಡಿ. ಪರ್ಕಳದ ಕಡೆ ನೋಡಿ. ಬರುವವರಿದ್ದರೆ ಜುಲೈಯ ಒಂದು ಬುಧವಾರ ಬನ್ನಿ. ಸಂತೆ ಮುಗಿಸಿ, ಮಳೆಯಲ್ಲೇ ಓಣಿಯೊಳಗೆ ನಡೆದು ಮನೆ ನೋಡಿ. ಬಾವಿಯ ಸಂಗತಿಯನ್ನು ಪಕ್ಕದ ಮನೆಯಲ್ಲಿ ಕೇಳಿ, ಆಮೇಲೆ ಅಡ್ವಾನ್ಸ್ ಕೊಡಿ.