ಕಿವಿಗೆ ಕೇಳದ ಗದ್ದಲ

ಬೆಳಗಾವಿಯಿಂದ ಖಾನಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಮಚ್ಛೆ ಎಂಬ ಊರಿದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಇಲ್ಲಿಯೇ. ಊರಿಗೆ ಸೇರಿದಂತೆ ಒಂದು ಕೈಗಾರಿಕಾ ಪ್ರದೇಶವೂ ಇದೆ. ಲೋಹವನ್ನು ಕೊರೆಯುವ, ಕಡೆಯುವ ಯಂತ್ರಗಳ ಸದ್ದು ಅಲ್ಲಿ ಹಗಲೆಲ್ಲ ಕೇಳಿಬರುತ್ತದೆ. ಯಂತ್ರಗಳು ಮಾಡುವ ಇನ್ನೊಂದು ಬಗೆಯ ಗದ್ದಲವಿದೆ. ಅದು ಕಿವಿಗೆ ಕೇಳುವುದಿಲ್ಲ. ಆದರೆ ಅದರ ಹಾವಳಿ ಕಡಿಮೆಯದೇನಲ್ಲ. ಆ ಗದ್ದಲದ ಪರಿಚಯ ನನಗಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ಹಿತ್ತಿಲಿನಲ್ಲಿ.

ಆ ಹುಡುಗ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಕೆಲಸ ಮಾಡುತ್ತಿದ್ದನು. ಸಂಬಳದಲ್ಲಿ ಉಳಿಸಿದ ಹಣದಿಂದ ಬಿಡಿಭಾಗಗಳನ್ನು ಕೊಂಡು, ತಗಡಿನ ಮಾಡಿನ ಕೆಳಗೆ ತಾನೇ ಒಂದು ಸಿ.ಎನ್.ಸಿ. ಯಂತ್ರವನ್ನು ಕಟ್ಟಿದ್ದನು. ಗಣಕವು ಕೊಡುವ ಸಂಖ್ಯೆಗಳ ಆಜ್ಞೆಯಂತೆ ಉಳಿಯನ್ನು ನಡೆಸುವ ಯಂತ್ರವೇ ಸಿ.ಎನ್.ಸಿ. ಸಂಖ್ಯೆಗಳಿಂದ ನಡೆಯುವ ಇಂಥ ಯಂತ್ರವನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯು 1952ರಲ್ಲಿ ಜಗತ್ತಿಗೆ ತೋರಿಸಿತು. ಅಂದು ಒಂದು ಕೋಣೆಯನ್ನೇ ಬೇಡುತ್ತಿದ್ದ ನಿಯಂತ್ರಣ ವ್ಯವಸ್ಥೆ ಇಂದು ಅಂಗೈಯಗಲದ ಫಲಕದಲ್ಲಿ ಅಡಗಿದೆ. ಆದುದರಿಂದಲೇ ಹಿತ್ತಿಲಿನಲ್ಲಿಯೂ ಅದನ್ನು ಕಟ್ಟಲು ಸಾಧ್ಯವಾಗಿದೆ.

ಅವನ ಯಂತ್ರದಲ್ಲಿ ಮೂರು ಮೋಟಾರುಗಳು ಉಳಿಯನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಸುತ್ತಿದ್ದವು. ನಾಲ್ಕನೆಯ ಮೋಟಾರು ಉಳಿಯನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತಿತ್ತು. ಉಳಿಯು ಮೇರೆ ದಾಟದಂತೆ ಪ್ರತಿಯೊಂದು ಹಾದಿಯ ಕೊನೆಯಲ್ಲಿಯೂ ಒಂದೊಂದು ಕಾವಲಿನ ಸ್ವಿಚ್ಚನ್ನು ಕೂರಿಸಿದ್ದನು. ಆ ಸ್ವಿಚ್ಚು ಒತ್ತಿದೊಡನೆ ಯಂತ್ರ ನಿಲ್ಲಬೇಕು.

ಊರಿನ ಶಾಲೆಗೆ ಒಂದು ಹೆಸರಿನ ಫಲಕವನ್ನು ಕೆತ್ತಿಕೊಡುವುದಾಗಿ ಅವನು ಒಪ್ಪಿಕೊಂಡಿದ್ದನು. ಅದು ಅವನಿಗೆ ದೊರೆತ ಮೊದಲ ಕೆಲಸ. ಅದಕ್ಕಾಗಿ ತಂದೆಯವರು ಬಹಳ ವರ್ಷಗಳಿಂದ ಎತ್ತಿಟ್ಟಿದ್ದ ಸಾಗುವಾನಿಯ ಹಲಗೆಯನ್ನು ಕೇಳಿ ಪಡೆದಿದ್ದನು. ಮೂರನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಯಂತ್ರ ತಟ್ಟನೆ ನಿಂತಿತು. ಕಾವಲಿನ ಸ್ವಿಚ್ಚನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದು ಒತ್ತಿದೆ ಎಂದು ಗಣಕ ಹೇಳುತ್ತಿತ್ತು. ಮತ್ತೆ ನಡೆಸಿದಾಗ ಉಳಿಯು ತಪ್ಪು ಜಾಗದಲ್ಲಿ ಇಳಿದು ಹಲಗೆಯನ್ನು ಸೀಳಿತು.

"ಸರ, ಇದನ್ನ ಮಾರಿ ಬಿಡ್ತೀನ್ರಿ. ಉಳಿ ಮೋಟಾರು ಬಂದ್ ಇದ್ದಾಗ ಶಾಣ್ಯಾನಂಗ ನಡೀತೈತಿ, ಚಾಲೂ ಮಾಡಿದ ಕೂಡ್ಲೇ ಹುಚ್ಚು ಹಿಡಿದಂಗ ಮಾಡ್ತೈತ್ರಿ" ಎಂದು ಅವನು ಬೇಸರದಿಂದ ಹೇಳಿದನು. ಅವನ ಆ ಮಾತಿನಲ್ಲಿಯೇ ರೋಗದ ಮೂಲ ಅಡಗಿತ್ತು.

ಮನೆಯಲ್ಲಿ ರೇಡಿಯೋ ಕೇಳುತ್ತಿರುವಾಗ ಪಕ್ಕದಲ್ಲಿ ಮಿಕ್ಸರ್ ಹಾಕಿದರೆ ಏನಾಗುತ್ತದೆ? 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯ ಹಾಡುಗಳನ್ನು ಕೇಳುತ್ತ ಬೆಳೆದ ನಮ್ಮ ತಲೆಮಾರಿನವರಿಗೆ ಆ ಕರಕರ ಸದ್ದು ಚೆನ್ನಾಗಿ ಗೊತ್ತು. ಮಿಕ್ಸರಿನ ಮೋಟಾರಿಗೂ ರೇಡಿಯೋಕ್ಕೂ ನಡುವೆ ಯಾವ ತಂತಿಯೂ ಬೇಕಾಗಿಲ್ಲ. ಆದರೂ ಒಂದರ ಉಪದ್ರವ ಇನ್ನೊಂದಕ್ಕೆ ತಟ್ಟುತ್ತದೆ. ಇದು ಹೇಗೆ?

ಇಂಥ ಮೋಟಾರುಗಳಲ್ಲಿ ತಿರುಗುವ ಸುರುಳಿಗಳಿಗೆ ವಿದ್ಯುತ್ತನ್ನು ಮುಟ್ಟಿಸಲು ಇಂಗಾಲದ ಎರಡು ಕುಂಚಗಳಿರುತ್ತವೆ. ಅವು ದಿಕ್ಪರಿವರ್ತಕವೆಂಬ ತಾಮ್ರದ ಪಟ್ಟಿಗಳ ಮೇಲೆ ಉಜ್ಜುತ್ತ ಸಾಗುತ್ತವೆ. ಒಂದು ಪಟ್ಟಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗಲೆಲ್ಲ ಸುರುಳಿಯ ಪ್ರವಾಹ ಥಟ್ಟನೆ ಬದಲಾಗುತ್ತದೆ. ಪ್ರವಾಹದ ಬದಲಾವಣೆಯನ್ನು ಸುರುಳಿಯು ವಿರೋಧಿಸುತ್ತದೆ ಎಂಬುದು ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮ. ಆ ವಿರೋಧದ ಫಲವಾಗಿ ಕ್ಷಣಮಾತ್ರ ಹೆಚ್ಚಿನ ವೋಲ್ಟೇಜು ಹುಟ್ಟಿ ಕಿಡಿ ಹಾರುತ್ತದೆ.

ಈ ಕಿಡಿಯನ್ನು ಸಾಮಾನ್ಯವೆಂದು ತಿಳಿಯಬಾರದು. ಜರ್ಮನಿಯ ಹೆನ್ರಿಕ್ ಹರ್ಟ್ಸ್ 1887-88ರಲ್ಲಿ ವಿದ್ಯುತ್ಕಾಂತೀಯ ಅಲೆಗಳನ್ನು ಹುಟ್ಟಿಸಿದ್ದು ಕಿಡಿಯಿಂದಲೇ. ನಮ್ಮ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ, ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ ತೋರಿಸಿದ್ದೂ ಕಿಡಿಯಿಂದ ಹುಟ್ಟಿದ ಅಲೆಗಳಿಂದಲೇ. ಅವರ ಕೈಯಲ್ಲಿ ಸೇವಕನಾಗಿದ್ದ ಕಿಡಿ ನಮ್ಮ ಮೋಟಾರಿನೊಳಗೆ ಪುಂಡನಾಗಿದೆ. ಇದರ ಉಪದ್ರವವನ್ನೇ ತಂತ್ರಜ್ಞರು ವಿದ್ಯುತ್ ಗದ್ದಲವೆಂದು ಕರೆಯುತ್ತಾರೆ. ಅದು ಗಾಳಿಯಲ್ಲಿ ಅಲೆಯಾಗಿಯೂ, ತಂತಿಯಲ್ಲಿ ಪ್ರವಾಹವಾಗಿಯೂ ಹರಡುತ್ತದೆ.

ಮೊದಲು ನಾವು ರೋಗವನ್ನು ಪರೀಕ್ಷಿಸಲು ನಿಶ್ಚಯಿಸಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕೆಂಬುದು ನಮ್ಮ ನಿಯಮ. ಹಲಗೆಯನ್ನೂ ಉಳಿಯನ್ನೂ ತೆಗೆದಿಟ್ಟು, ಉಳಿಯ ಮೋಟಾರನ್ನು ನಿಲ್ಲಿಸಿ ಯಂತ್ರವನ್ನು ನಡೆಸಿದೆವು, ತಪ್ಪು ಬರಲಿಲ್ಲ. ಆ ಮೋಟಾರನ್ನು ಹಚ್ಚಿದೆವು, ತಪ್ಪು ಬಂದಿತು. ಕಾವಲಿನ ಸ್ವಿಚ್ಚಿನ ತಂತಿಗಳನ್ನು ಫಲಕದಿಂದ ಬಿಚ್ಚಿದೆವು. ಮೋಟಾರು ತಿರುಗುತ್ತಿದ್ದರೂ ತಪ್ಪು ಬರಲಿಲ್ಲ. ಗದ್ದಲ ಹುಟ್ಟುವುದು ಮೋಟಾರಿನಲ್ಲಿ, ಒಳನುಗ್ಗುವುದು ಸ್ವಿಚ್ಚಿನ ತಂತಿಯಲ್ಲಿ ಎಂಬುದು ಹೀಗೆ ಸ್ಪಷ್ಟವಾಯಿತು. ನೋಡಿದರೆ, ಅಚ್ಚುಕಟ್ಟಾಗಿ ಕಾಣಲೆಂದು ಅವನು ಎರಡೂ ತಂತಿಗಳನ್ನು ಒಟ್ಟಿಗೆ ಸೇರಿಸಿ ಬಿಗಿದು ಕಟ್ಟಿದ್ದನು! ಮೋಟಾರಿನ ತಂತಿಯಲ್ಲಿ ಓಡುವುದು 48 ವೋಲ್ಟಿನ ಒರಟು ಪ್ರವಾಹ. ಸ್ವಿಚ್ಚಿನ ತಂತಿಯಲ್ಲಿರುವುದು ಕೇವಲ 5 ವೋಲ್ಟಿನ ಮೆಲುದನಿ. ಜಾತ್ರೆಯ ಡೊಳ್ಳಿನ ಪಕ್ಕದಲ್ಲಿ ನಿಂತು ಪಿಸುಮಾತನಾಡಿದರೆ ಯಾರಿಗೆ ಕೇಳೀತು?

ಪರಿಹಾರವನ್ನು ಮೂರು ಕಡೆ ಮಾಡಿದೆವು. ಮೊದಲನೆಯದು ಗದ್ದಲ ಹುಟ್ಟುವ ಜಾಗ. ಮೋಟಾರಿನ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡಿನ ಒಂದು ಧಾರಕವನ್ನು, ಪ್ರತಿಯೊಂದು ತುದಿಯಿಂದ ಮೋಟಾರಿನ ಲೋಹದ ಕವಚಕ್ಕೆ ಅಂಥದೇ ಒಂದೊಂದನ್ನು, ಹೀಗೆ ಮೂರು ಧಾರಕಗಳನ್ನು ಬೆಸೆದೆವು. ಧಾರಕವು ಏಕಮುಖ ಪ್ರವಾಹವನ್ನು ತಡೆಯುತ್ತದೆ. ಆದರೆ ಅತಿ ವೇಗವಾಗಿ ಏರಿಳಿಯುವ ಪ್ರವಾಹಕ್ಕೆ ದಾರಿ ಬಿಡುತ್ತದೆ. ಆದುದರಿಂದ ಗದ್ದಲದ ಬಹುಪಾಲು ಉದ್ದದ ತಂತಿಯವರೆಗೆ ಬಾರದೆ ಮೋಟಾರಿನ ಬಳಿಯಲ್ಲಿಯೇ ಸುತ್ತಿ ತಣಿಯುತ್ತದೆ.

ಎರಡನೆಯದು ಗದ್ದಲದ ದಾರಿ. ಮೋಟಾರಿನ ಎರಡು ತಂತಿಗಳನ್ನು ಹಗ್ಗದಂತೆ ಒಂದಕ್ಕೊಂದು ಹೊಸೆದೆವು. ಒಂದರಲ್ಲಿ ಹೋಗುವ ಪ್ರವಾಹ ಇನ್ನೊಂದರಲ್ಲಿ ಮರಳುವುದರಿಂದ ಅವುಗಳ ಕಾಂತಕ್ಷೇತ್ರಗಳು ಬಹುಮಟ್ಟಿಗೆ ಪರಸ್ಪರ ಅಳಿಸಿಹೋಗುತ್ತವೆ. ಸ್ವಿಚ್ಚಿನ ತಂತಿಗಳನ್ನು ಬೇರೆ ಹಾದಿಯಲ್ಲಿ ಒಯ್ದು, ದಾಟಲೇಬೇಕಾದಲ್ಲಿ ನೇರ ಅಡ್ಡವಾಗಿ ದಾಟಿಸಿದೆವು. ಅವುಗಳಿಗೆ ಲೋಹದ ಹೆಣಿಗೆಯ ಹೊದಿಕೆಯುಳ್ಳ ತಂತಿಯನ್ನು ಬಳಸಿ, ಆ ಹೊದಿಕೆಯನ್ನು ಫಲಕದ ಕಡೆಯ ಒಂದೇ ತುದಿಯಲ್ಲಿ ಸೊನ್ನೆ ವೋಲ್ಟಿನ ಬಿಂದುವಿಗೆ ಸೇರಿಸಿದೆವು.

ಮೂರನೆಯದು ಗದ್ದಲ ಒಳನುಗ್ಗುವ ಬಾಗಿಲು. ಫಲಕದ ಬಳಿ ಒಂದು ಸಾವಿರ ಓಮ್ ರೋಧಕವನ್ನೂ 0.1 ಮೈಕ್ರೋಫ್ಯಾರಡಿನ ಧಾರಕವನ್ನೂ ಸೇರಿಸಿದೆವು. ಇವೆರಡರ ಗುಣಲಬ್ಧ ಸೆಕೆಂಡಿನ ಹತ್ತುಸಾವಿರದಲ್ಲಿ ಒಂದು ಭಾಗ. ಅದಕ್ಕಿಂತ ಬಹಳ ಚಿಕ್ಕದಾದ ಕಿಡಿಯ ಏಟು ಬಾಗಿಲಲ್ಲಿಯೇ ಮಂಕಾಗುತ್ತದೆ. ಸ್ವಿಚ್ಚಿನ ನಿಜವಾದ ಒತ್ತು ಹೆಚ್ಚು ಹೊತ್ತು ಇರುವುದರಿಂದ ಒಳಗೆ ಮುಟ್ಟುತ್ತದೆ. ಕೊನೆಗೆ ಆ ಸ್ವಿಚ್ಚುಗಳನ್ನು ಕೈಯಿಂದ ಒತ್ತಿ, ಯಂತ್ರ ನಿಲ್ಲುವುದನ್ನು ಒಂದೊಂದಾಗಿ ನೋಡಿದೆವು. ಸುಳ್ಳು ಎಚ್ಚರಿಕೆ ಬರುತ್ತದೆಂದು ಕಾವಲನ್ನೇ ಕಿತ್ತೆಸೆಯುವುದು ಜಾಣತನವಲ್ಲ.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಈ ಕೆಲಸ ನಡೆದದ್ದು ಕಡಿಮೆ ವೋಲ್ಟಿನ ಮೋಟಾರಿನಲ್ಲಿ. ಮನೆಯ 230 ವೋಲ್ಟಿನ ವಿದ್ಯುತ್ತಿನಲ್ಲಿ ಸಾಮಾನ್ಯ ಧಾರಕಗಳನ್ನು ಹೀಗೆ ಜೋಡಿಸುವುದು ಪ್ರಾಣಾಪಾಯಕರ. ಅಲ್ಲಿಗೆ ಸುರಕ್ಷತೆಯ ಗುರುತುಳ್ಳ ವಿಶೇಷ ಧಾರಕಗಳು ಬೇಕು. ಆ ಕೆಲಸ ತಿಳಿದವರದು.

ಮರುದಿನ ಅವನು ಅದೇ ಹಲಗೆಯನ್ನು ಮಗುಚಿ ಇಟ್ಟನು. ಮೂರನೆಯ ಅಕ್ಷರ ಬಂದಾಗ ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಉಳಿ ಅದನ್ನು ದಾಟಿ ನಡೆಯಿತು. ಸಂಜೆಯ ಹೊತ್ತಿಗೆ ಶಾಲೆಯ ಹೆಸರು ಪೂರ್ಣವಾಗಿ ಮೂಡಿತು. ಸೀಳಿದ ಬದಿ ಈಗಲೂ ಹಿಂದೆ ಗೋಡೆಯ ಕಡೆಗೆ ಇದೆ. ತಪ್ಪು ಕಾಣಿಸಿಕೊಂಡ ಜಾಗವೇ ತಪ್ಪು ಹುಟ್ಟಿದ ಜಾಗವಾಗಿರಬೇಕೆಂದೇನೂ ಇಲ್ಲ. ಗಣಕವನ್ನು ಶಪಿಸದೆ, ಯಂತ್ರವನ್ನು ಮಾರದೆ, ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆದು ಮೂಲವನ್ನು ಮುಟ್ಟಿದವನಿಗೆ ಕೆಲವು ರೂಪಾಯಿಗಳ ಧಾರಕವೇ ಸಾಕಾಯಿತು.